ಉತ್ತರ ಬರೆದಿಟ್ಟ ಗ್ಯಾಲಕ್ಸಿಗಳು

ವಿಶ್ವವಿಜ್ಞಾನದಲ್ಲಿ ಮೆಷಿನ್ ಲರ್ನಿಂಗ್ ಬಳಸುವುದನ್ನು ಕಲಿತ ಮೊದಲ ವರ್ಷಗಳನ್ನು ಈಗ ಹಿಂದಿರುಗಿ ನೋಡಿದರೆ, ಆಗ ಓದಿದ ವಿಧಾನಗಳಲ್ಲಿ ಬಹುಪಾಲು ಹಳತಾಗಿರುವುದು ಕಾಣುತ್ತದೆ. ಅಂದು ಹೊಸದೆನಿಸಿದ್ದ ನೆಟ್‌ವರ್ಕ್‌ಗಳ ಜಾಗಕ್ಕೆ ಬೇರೆಯವು ಬಂದಿವೆ. ಅಂದು ಬೆವರು ಸುರಿಸಿ ಬರೆಯಬೇಕಿದ್ದ ಪ್ರೋಗ್ರಾಂ ಇಂದು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಹಳತಾಗದೆ ಉಳಿದಿರುವುದು ಒಂದು ಪ್ರಶ್ನೆ. ಯಂತ್ರಕ್ಕೆ ಪಾಠ ಹೇಳಿದ ಉದಾಹರಣೆಗಳು ಎಲ್ಲಿಂದ ಬಂದವು, ಈಗ ಅದರಿಂದ ಉತ್ತರ ಕೇಳುತ್ತಿರುವುದು ಯಾವ ವಸ್ತುಗಳ ಬಗ್ಗೆ? ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ತಿಳಿಯುವುದೇ ಈ ವಿದ್ಯೆಯ ತಿರುಳು ಎಂಬ ನಂಬಿಕೆ ನನ್ನಲ್ಲಿ ನಿಧಾನವಾಗಿ ಬೇರೂರಿತು. ಕಲಿಯುವವರಿಗೆ ಇದನ್ನು ಪಾಠದ ಕಟ್ಟಕಡೆಗೆ, ಎಚ್ಚರಿಕೆಯ ನಾಲ್ಕು ಮಾತುಗಳಾಗಿ ಹೇಳಿ ಮುಗಿಸುವ ರೂಢಿಯಿದೆ. ಅದು ಮೊದಲ ದಿನವೇ ಬರಬೇಕು ಎಂಬುದು ನನ್ನ ವಾದ. ಅದಕ್ಕೆ ನನ್ನನ್ನು ಒಪ್ಪಿಸಿದ ಸಾಕ್ಷ್ಯಗಳನ್ನೂ, ಅದರ ವಿರುದ್ಧ ಕೇಳಿಬರುವ ಆಕ್ಷೇಪಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವ ಅಭ್ಯಾಸವೆಂದರೆ ಗ್ಯಾಲಕ್ಸಿಗಳ ಬಣ್ಣ ನೋಡಿ ಅವುಗಳ ಕೆಂಪು ಪಲ್ಲಟವನ್ನು ಅಂದಾಜು ಮಾಡುವುದು. ನಾನು ಕಲಿತದ್ದೂ ಅದರಿಂದಲೇ. ಅದಕ್ಕಿಂತ ಒಳ್ಳೆಯ ಆರಂಭ ಇಲ್ಲವೆಂದು ಈಗಲೂ ಹೇಳುತ್ತೇನೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗ್ಯಾಲಕ್ಸಿಯಿಂದ ಹೊರಟ ಬೆಳಕಿನ ತರಂಗಾಂತರ ದಾರಿಯುದ್ದಕ್ಕೂ ಹಿಗ್ಗುತ್ತಾ ಕೆಂಪಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿದಿದೆ ಎಂದು ಗೊತ್ತಾದರೆ ದೂರ ಗೊತ್ತಾಗುತ್ತದೆ. ದೂರ ಗೊತ್ತಾದರೆ ಆಕಾಶದ ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ಇದನ್ನು ಖಚಿತವಾಗಿ ಅಳೆಯಬೇಕಾದರೆ ಬೆಳಕನ್ನು ರೋಹಿತವಾಗಿ ಬಿಡಿಸಿ ಹೈಡ್ರೋಜನ್, ಆಕ್ಸಿಜನ್, ಕ್ಯಾಲ್ಸಿಯಂಗಳ ಗೆರೆಗಳು ಎಲ್ಲಿ ಬಿದ್ದಿವೆ ಎಂದು ನೋಡಬೇಕು. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನಲ್ಲಿ 2.5 ಮೀಟರ್ ದೂರದರ್ಶಕದಿಂದ 2000ದಲ್ಲಿ ಆರಂಭವಾದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯಲ್ಲಿ, ಆಕಾಶದ ಒಂದೊಂದು ತುಂಡಿಗೂ ಒಂದೊಂದು ಅಲ್ಯೂಮಿನಿಯಂ ತಟ್ಟೆ ಮಾಡಿ, ಗ್ಯಾಲಕ್ಸಿಗಳು ಇರುವಲ್ಲೆಲ್ಲ ತೂತು ಕೊರೆದು, 640 ಆಪ್ಟಿಕಲ್ ಫೈಬರ್‌ಗಳನ್ನು ಕೈಯಿಂದ ಸಿಕ್ಕಿಸಿ ರೋಹಿತ ಪಡೆಯುತ್ತಿದ್ದರು. ಅಷ್ಟು ದುಡಿಮೆಯ ಫಲ ಅದು. ಚಿತ್ರ ತೆಗೆಯುವುದು ಅದಕ್ಕಿಂತ ಎಷ್ಟೋ ಅಗ್ಗ. ಅದೇ ದೂರದರ್ಶಕ ಯು, ಜಿ, ಆರ್, ಐ, ಝಡ್ ಎಂಬ ಐದು ಫಿಲ್ಟರ್‌ಗಳ ಮೂಲಕ ಕೋಟ್ಯಂತರ ಗ್ಯಾಲಕ್ಸಿಗಳ ಬೆಳಕನ್ನು ಅಳೆದಿಟ್ಟಿತು. ವಯಸ್ಸಾದ ನಕ್ಷತ್ರಗಳೇ ತುಂಬಿದ ಗ್ಯಾಲಕ್ಸಿಯ ರೋಹಿತದಲ್ಲಿ 4000 ಆಂಗ್‌ಸ್ಟ್ರಾಮ್ ಬಳಿ ಒಂದು ಕಡಿದಾದ ಏರು ಇರುತ್ತದೆ. ಗ್ಯಾಲಕ್ಸಿ ದೂರವಿದ್ದಷ್ಟೂ ಆ ಏರು ಒಂದು ಫಿಲ್ಟರ್‌ನಿಂದ ಮುಂದಿನದಕ್ಕೆ ದಾಟುತ್ತದೆ, ಬಣ್ಣ ಬದಲಾಗುತ್ತದೆ. ಹಾಗಾಗಿ ಐದು ಸಂಖ್ಯೆಗಳಲ್ಲೇ ದೂರದ ಸುಳಿವು ಅಡಗಿದೆ.

ಆ ಸುಳಿವನ್ನು ಹೊರತೆಗೆಯುವ ಕೆಲಸ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ರೋಹಿತ ಸಿಕ್ಕಿರುವ ಗ್ಯಾಲಕ್ಸಿಗಳೆಂದರೆ ಉತ್ತರ ಬರೆದಿಟ್ಟ ಪ್ರಶ್ನೆಗಳು. ಐದು ಫಿಲ್ಟರ್‌ಗಳ ಅಳತೆ ಒಂದು ಕಡೆ, ರೋಹಿತದ ಕೆಂಪು ಪಲ್ಲಟ ಇನ್ನೊಂದು ಕಡೆ ಇಟ್ಟು ನೆಟ್‌ವರ್ಕ್‌ಗೆ ತೋರಿಸಿದರೆ, ನಡುವಿನ ಸಂಬಂಧವನ್ನು ಅದು ತಾನೇ ಕಂಡುಕೊಳ್ಳುತ್ತದೆ. 2004ರಲ್ಲಿ ಆಡ್ರಿಯನ್ ಕಾಲಿಸ್ಟರ್ ಮತ್ತು ಓಫರ್ ಲಹಾವ್ ಪ್ರಕಟಿಸಿದ ಎಎನ್‌ಎನ್‌ಝಡ್ ಎಂಬ ಪ್ರೋಗ್ರಾಂ ಚಿಕ್ಕದೊಂದು ನ್ಯೂರಲ್ ನೆಟ್‌ವರ್ಕ್‌ನಿಂದ ಸ್ಲೋನ್ ಗ್ಯಾಲಕ್ಸಿಗಳ ಕೆಂಪು ಪಲ್ಲಟವನ್ನು ಸುಮಾರು 0.02ರಷ್ಟು ತಪ್ಪಿನೊಳಗೆ ಹೇಳಬಲ್ಲದಾಗಿತ್ತು. ಕಲಿಯುವವರು ಇಂದು ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಂಡಮ್ ಫಾರೆಸ್ಟ್ ಬಳಸಿ ಅದರ ಆಸುಪಾಸಿಗೆ ಒಂದು ಸಂಜೆಯಲ್ಲಿ ತಲುಪಬಹುದು. ವಿಶ್ವದ ಆಳವನ್ನು ಐದು ಸಂಖ್ಯೆಗಳಿಂದ ಓದುವುದು ನಿಜಕ್ಕೂ ಸಂತೋಷದ ಸಂಗತಿ, ಆ ಸಂತೋಷವನ್ನು ಯಾರಿಂದಲೂ ಕಸಿಯುವ ಇಚ್ಛೆ ನನಗಿಲ್ಲ. ಆದರೆ 0.02 ಎಂಬ ಸಂಖ್ಯೆ ಹೇಗೆ ಬಂತು ಎಂಬುದನ್ನು ಗಮನಿಸಬೇಕು. ಉತ್ತರ ಗೊತ್ತಿರುವ ಗ್ಯಾಲಕ್ಸಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಿಂದ ಪಾಠ ಹೇಳಿ, ಇನ್ನೊಂದರಿಂದ ಪರೀಕ್ಷೆ ಮಾಡಿದಾಗ ಬಂದದ್ದು ಅದು. ಪರೀಕ್ಷೆಗೆ ಕೂತ ಗ್ಯಾಲಕ್ಸಿಗಳೂ ಪಾಠ ಹೇಳಿದ ಗ್ಯಾಲಕ್ಸಿಗಳೂ ಒಂದೇ ಮನೆಯವು. ನಮಗೆ ದೂರ ಬೇಕಾಗಿರುವುದು ಆ ಮನೆಯ ಹೊರಗಿರುವವುಗಳದ್ದು.

ಸ್ಲೋನ್ ಸರ್ವೆಯ ಮುಖ್ಯ ಗ್ಯಾಲಕ್ಸಿ ಪಟ್ಟಿಯಲ್ಲಿ ರೋಹಿತಕ್ಕೆ ಆರಿಸಿದ್ದು ಆರ್ ಫಿಲ್ಟರ್‌ನಲ್ಲಿ 17.77 ಕಾಂತಿಮಾನಕ್ಕಿಂತ ಪ್ರಕಾಶವಾದವುಗಳನ್ನು ಮಾತ್ರ. ಚಿತ್ರಗಳಾದರೋ ಸುಮಾರು 22ರವರೆಗೆ ಇಳಿಯುತ್ತವೆ. ಕಾಂತಿಮಾನದ ಅಂಕಿ ಹೆಚ್ಚಾದಷ್ಟೂ ವಸ್ತು ಮಂಕು. ಐದು ಅಂಕ ಹೆಚ್ಚಾದರೆ ನೂರು ಪಟ್ಟು ಮಂಕು. ಅಂದರೆ ಚಿತ್ರದಲ್ಲಿ ಕಾಣುವ ಕೊನೆಯ ಗ್ಯಾಲಕ್ಸಿಗಳು, ಉತ್ತರ ಗೊತ್ತಿರುವ ಕೊನೆಯ ಗ್ಯಾಲಕ್ಸಿಗಳಿಗಿಂತ ಸುಮಾರು ಐವತ್ತು ಪಟ್ಟು ಮಂಕಾಗಿವೆ. ಇದರ ಮೇಲೆ ಇನ್ನೊಂದು ತೊಡಕಿದೆ. ದೂರದವುಗಳಲ್ಲಿ ರೋಹಿತಕ್ಕೆ ಬೇಕೆಂದೇ ಆರಿಸಿದ್ದು ಹೆಚ್ಚಾಗಿ ದೊಡ್ಡ, ಕೆಂಪು, ಹಳೆಯ ಗ್ಯಾಲಕ್ಸಿಗಳನ್ನು. ಅವು ಪ್ರಕಾಶಮಾನವಾಗಿರುವುದರಿಂದ ದೂರದಿಂದಲೂ ಸಿಗುತ್ತವೆ, 4000 ಆಂಗ್‌ಸ್ಟ್ರಾಮ್‌ನ ಏರು ಅವುಗಳಲ್ಲಿ ಸ್ಪಷ್ಟ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಚಿಕ್ಕ, ನೀಲಿ, ಮಂಕು ಗ್ಯಾಲಕ್ಸಿಗಳು ದೂರದಲ್ಲಿ ಅಸಂಖ್ಯವಾಗಿದ್ದರೂ ಪಾಠದ ಪುಸ್ತಕದಲ್ಲಿ ಅವುಗಳಿಗೆ ಸಿಕ್ಕ ಜಾಗ ಕಡಿಮೆ. ಹೆದ್ದಾರಿಯ ಪಕ್ಕದ ಹೊಲಗಳನ್ನಷ್ಟೇ ನೋಡಿ ಇಡೀ ಜಿಲ್ಲೆಯ ಬೆಳೆ ಅಂದಾಜು ಬರೆದಂತೆ ಇದು. ನೋಡಿದ್ದು ಸುಳ್ಳಲ್ಲ, ಆದರೆ ನೀರು, ಮಣ್ಣು, ಗೊಬ್ಬರ ಒಳಗಿನ ಹೊಲಗಳಲ್ಲಿ ಬೇರೆ. ಯಂತ್ರ ತಾನು ನೋಡದ ಬಗೆಯ ಗ್ಯಾಲಕ್ಸಿಯ ಮುಂದೆ ಸುಮ್ಮನಾಗುವುದಿಲ್ಲ. ನೋಡಿದವುಗಳಲ್ಲಿ ಅದಕ್ಕೆ ಹತ್ತಿರವೆನಿಸಿದ್ದರ ಉತ್ತರವನ್ನು ಅಷ್ಟೇ ಧೈರ್ಯದಿಂದ ಕೊಡುತ್ತದೆ. ನೋಡಿದವುಗಳಲ್ಲಿಯೂ ಒಂದು ಒಲವು ಇರುತ್ತದೆ: ತಪ್ಪಿನ ವರ್ಗವನ್ನು (ಸ್ಕ್ವೇರ್) ಕನಿಷ್ಠ ಮಾಡಲು ಕಲಿತ ಯಂತ್ರ, ಅನುಮಾನ ಬಂದಾಗಲೆಲ್ಲ ಸರಾಸರಿಯ ಕಡೆಗೆ ವಾಲುತ್ತದೆ. ಹತ್ತಿರದವುಗಳನ್ನು ಸ್ವಲ್ಪ ದೂರಕ್ಕೂ ದೂರದವುಗಳನ್ನು ಸ್ವಲ್ಪ ಹತ್ತಿರಕ್ಕೂ ಎಳೆಯುತ್ತದೆ.

ಇಷ್ಟಕ್ಕೆ ಒಬ್ಬರು ಕೇಳಬಹುದು: ಸ್ವಲ್ಪ ತಪ್ಪಾದರೇನು, ಗ್ಯಾಲಕ್ಸಿಗಳ ಸಂಖ್ಯೆ ಹೆಚ್ಚಿದಂತೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲವೇ? ಇದು ಗಟ್ಟಿಯಾದ ಪ್ರಶ್ನೆ, ಬೇರೆ ಎಷ್ಟೋ ಕ್ಷೇತ್ರಗಳಲ್ಲಿ ಇದೇ ಸರಿಯಾದ ಉತ್ತರವೂ ಹೌದು. ವಿಶ್ವವಿಜ್ಞಾನ ಇಲ್ಲಿಯೇ ಬೇರೆಯಾಗುವುದು. ದೂರದ ಗ್ಯಾಲಕ್ಸಿಗಳ ಆಕಾರ ದಾರಿಯಲ್ಲಿರುವ ಡಾರ್ಕ್ ಮ್ಯಾಟರ್‌ನ ಗುರುತ್ವದಿಂದ ಎಳ್ಳಷ್ಟು ಸೊಟ್ಟಗಾಗುತ್ತದೆ. ಕೋಟ್ಯಂತರ ಗ್ಯಾಲಕ್ಸಿಗಳ ಆ ಸೊಟ್ಟತನವನ್ನು ಸೇರಿಸಿ ವಿಶ್ವದ ವಸ್ತುವಿನ ಹಂಚಿಕೆಯನ್ನು ಅಳೆಯುತ್ತಾರೆ. ಅದಕ್ಕೆ ಒಂದೊಂದು ಗ್ಯಾಲಕ್ಸಿಯ ದೂರ ಅಷ್ಟು ಖಚಿತವಾಗಿ ಬೇಕಿಲ್ಲ, ನೂರಕ್ಕೆ ಐದರಷ್ಟು ಆಚೀಚೆಯಾದರೂ ನಡೆಯುತ್ತದೆ. ಆದರೆ ಒಂದು ಗುಂಪಿನ ಸರಾಸರಿ ಕೆಂಪು ಪಲ್ಲಟ ಮಾತ್ರ, ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕದಂತಹ ಯೋಜನೆಗಳು ತಮಗೆ ತಾವೇ ಹಾಕಿಕೊಂಡ ಮಿತಿಯಂತೆ, ಸಾವಿರಕ್ಕೆ ಎರಡರಷ್ಟರೊಳಗೆ ಸರಿಯಾಗಿರಬೇಕು. ಯಾದೃಚ್ಛಿಕ ತಪ್ಪು ಸಂಖ್ಯೆ ಹೆಚ್ಚಾದಂತೆ ಕರಗುತ್ತದೆ, ಒಂದೇ ಕಡೆಗೆ ವಾಲಿದ ತಪ್ಪು ಎಷ್ಟು ಕೋಟಿ ಗ್ಯಾಲಕ್ಸಿ ಸೇರಿಸಿದರೂ ಹಾಗೇ ಉಳಿಯುತ್ತದೆ. ದತ್ತಾಂಶ ಹೆಚ್ಚಾದಷ್ಟೂ ಉತ್ತರದ ಅನಿಶ್ಚಿತತೆಯ ಗೆರೆ ಕಿರಿದಾಗಿ, ನಾವು ತಪ್ಪು ಉತ್ತರದ ಬಗ್ಗೆ ಹೆಚ್ಚು ಖಚಿತರಾಗುತ್ತೇವೆ.

ದತ್ತಾಂಶವಾದರೋ ಹೆಚ್ಚುತ್ತಲೇ ಇದೆ. ಚಿಲಿಯ ಸೆರೋ ಪಚೋನ್ ಬೆಟ್ಟದ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. ಅದರ ಕ್ಯಾಮೆರಾ 3200 ಮೆಗಾಪಿಕ್ಸೆಲ್‌ನದು. ಹತ್ತು ವರ್ಷಗಳಲ್ಲಿ ಸುಮಾರು 2000 ಕೋಟಿ ಗ್ಯಾಲಕ್ಸಿಗಳನ್ನು ದಾಖಲಿಸುವ ನಿರೀಕ್ಷೆಯಿದೆ. ಅದೇ ವರ್ಷದ ಮಾರ್ಚ್‌ನಲ್ಲಿ, ರೋಬೋಟ್‌ಗಳು ನಡೆಸುವ 5000 ಫೈಬರ್‌ಗಳಿರುವ ಅರಿಜೋನಾದ ಡೆಸಿ ಉಪಕರಣ ಹೊರತಂದ ದತ್ತಾಂಶದಲ್ಲಿ ಇದ್ದದ್ದು 1.87 ಕೋಟಿ ವಸ್ತುಗಳ ರೋಹಿತ. ರೋಹಿತ ಪಡೆಯುವ ಕಲೆ ಸ್ಲೋನ್ ಕಾಲದಿಂದ ಎಷ್ಟು ಬೆಳೆದಿದೆ ಎಂಬುದಕ್ಕೆ ಈ ಸಂಖ್ಯೆ ಸಾಕ್ಷಿ. ಆದರೂ ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ರೋಹಿತ ಸಿಕ್ಕವು ಸಾವಿರಕ್ಕೆ ಒಂದರಷ್ಟೂ ಇಲ್ಲ. ಆ ಒಂದೂ ಮಂಕಾದವುಗಳ ಗುಂಪಿನಿಂದ ಬಂದದ್ದಲ್ಲ. ಪ್ರಶ್ನೆಗಳು ಬೆಳೆದ ವೇಗದಲ್ಲಿ ಉತ್ತರ ಬರೆದಿಟ್ಟ ಪ್ರಶ್ನೆಗಳು ಬೆಳೆಯಲಿಲ್ಲ, ಮುಂದೆಯೂ ಬೆಳೆಯಲಾರವು.

ಇದೆಲ್ಲ ಕಂಪ್ಯೂಟರ್ ಯುಗದ ಹೊಸ ತಾಪತ್ರಯ ಎಂದುಕೊಂಡವರಿಗೆ ಖಗೋಳಶಾಸ್ತ್ರದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. 1929ರಲ್ಲಿ ಎಡ್ವಿನ್ ಹಬಲ್ ಗ್ಯಾಲಕ್ಸಿಗಳ ವೇಗ ಅವುಗಳ ದೂರಕ್ಕೆ ಅನುಪಾತದಲ್ಲಿದೆ ಎಂದು ತೋರಿಸಿದಾಗ, ವಿಶ್ವ ಹಿಗ್ಗುವ ದರ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್ ಎಂದು ಬಂತು. ಇಂದಿನ ಅಳತೆಗಳು 70ರ ಆಸುಪಾಸಿನಲ್ಲಿವೆ. ಅಂದಿನ ಸಂಖ್ಯೆಯಿಂದ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ. ಬಂಡೆಗಳ ವಿಕಿರಣಶೀಲತೆ ಹೇಳುತ್ತಿದ್ದ ಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚಾಗಿ, ವಿಶ್ವಕ್ಕಿಂತ ಭೂಮಿಯೇ ಹಿರಿಯದು ಎಂಬ ಇಕ್ಕಟ್ಟು ಹುಟ್ಟಿತು. ತಪ್ಪಿನ ಕಾರಣಗಳಲ್ಲಿ ಒಂದನ್ನು ವಾಲ್ಟರ್ ಬಾಡೆ 1952ರಲ್ಲಿ ಪ್ರಕಟಿಸಿದರು. ದೂರ ಅಳೆಯಲು ಬಳಸುತ್ತಿದ್ದ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳಲ್ಲಿ ಎರಡು ಬಗೆಗಳಿದ್ದವು. ಅಳತೆಗೋಲಿಗೆ ಗುರುತು ಹಾಕುವಾಗ ಮಂಕು ಬಗೆಯವು ಸೇರಿಕೊಂಡಿದ್ದವು. ಆಂಡ್ರೊಮಿಡಾ ಗ್ಯಾಲಕ್ಸಿಯಲ್ಲಿ ಕಂಡವು ಪ್ರಕಾಶವಾದ ಬಗೆಯವು. ಅದನ್ನು ಸರಿಪಡಿಸಿದ ಮೇಲೆ ಗ್ಯಾಲಕ್ಸಿಗಳ ದೂರ ಎರಡು ಪಟ್ಟಾಯಿತು. ಕಲಿಸಿದ ಉದಾಹರಣೆಗಳ ಗುಂಪು ಒಂದು, ಬಳಸಿದ ವಸ್ತುಗಳ ಗುಂಪು ಇನ್ನೊಂದು: ಇಂದು ಮೆಷಿನ್ ಲರ್ನಿಂಗ್‌ನವರು ಅಧ್ಯಾಯಗಟ್ಟಲೆ ಬರೆಯುವ ಸಮಸ್ಯೆ ಇದೇ. ಹಬಲ್‌ನ ಗೆರೆ ನೇರವಾಗಿಯೇ ಇತ್ತು, ಇಳಿಜಾರು ಮಾತ್ರ ತಪ್ಪಾಗಿತ್ತು ಎಂಬುದು ನನಗೆ ತುಂಬ ಮುಖ್ಯವಾಗಿ ಕಂಡ ಸಂಗತಿ. ಗ್ರಾಫ್ ಚೆನ್ನಾಗಿ ಬಂದಿದೆ ಎಂಬುದು ಅಳತೆಗೋಲು ಸರಿಯಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಉತ್ತರ ಬರೆದಿಟ್ಟ ಉದಾಹರಣೆಗಳು ಸಾಲದಿದ್ದರೆ ಕಂಪ್ಯೂಟರ್‌ನಲ್ಲೇ ವಿಶ್ವಗಳನ್ನು ಸೃಷ್ಟಿಸಿ ಕಲಿಸೋಣ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅಲ್ಲಿ ಪ್ರತಿಯೊಂದರ ಉತ್ತರವೂ ನಮಗೆ ಗೊತ್ತು. ಏಕೆಂದರೆ ಅದನ್ನು ಅಲ್ಲಿಟ್ಟವರು ನಾವೇ. ಕ್ಯಾಮೆಲ್ಸ್ ಎಂಬ ಯೋಜನೆ ಹೀಗೆ ಒಂದೊಂದೂ ಸುಮಾರು 12 ಕೋಟಿ ಜ್ಯೋತಿರ್ವರ್ಷ ಅಗಲದ 4233 ಸಿಮ್ಯುಲೇಶನ್‌ಗಳನ್ನು ಮಾಡಿ, ವಸ್ತುವಿನ ಪ್ರಮಾಣವನ್ನೂ ಸೂಪರ್‌ನೋವಾ ಮತ್ತು ಕಪ್ಪುಕುಳಿಗಳ ಪ್ರಭಾವವನ್ನೂ ಬದಲಿಸುತ್ತಾ ಹೋಯಿತು. 2022ರಲ್ಲಿ ಫ್ರಾನ್ಸಿಸ್ಕೊ ವಿಯಾಎಸ್ಕುಸಾ-ನವಾರೊ ಮತ್ತು ಸಂಗಡಿಗರು ಅದರಿಂದ ಬೆರಗುಗೊಳಿಸುವ ಫಲಿತಾಂಶ ಕಂಡರು. ಒಂದೇ ಒಂದು ಗ್ಯಾಲಕ್ಸಿಯ ಗುಣಗಳನ್ನು ಕೊಟ್ಟರೆ ನೆಟ್‌ವರ್ಕ್, ಆ ಗ್ಯಾಲಕ್ಸಿ ಹುಟ್ಟಿದ ವಿಶ್ವದಲ್ಲಿ ಒಟ್ಟು ವಸ್ತು ಎಷ್ಟಿದೆ ಎಂಬುದನ್ನು ಸುಮಾರು ಶೇಕಡಾ 10ರ ನಿಖರತೆಯಲ್ಲಿ ಹೇಳಬಲ್ಲದು. ಲಕ್ಷಾಂತರ ಗ್ಯಾಲಕ್ಸಿಗಳ ಹಂಚಿಕೆಯಿಂದ ಹಿಂಡಿ ತೆಗೆಯುವ ಸಂಖ್ಯೆ ಒಂದೇ ಗ್ಯಾಲಕ್ಸಿಯಿಂದ ಸಿಕ್ಕಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ಪ್ರಬಂಧ ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಿತು. ಇಲಸ್ಟ್ರಿಸ್ ಟಿಎನ್‌ಜಿ ಎಂಬ ಭೌತಿಕ ಮಾದರಿಯ ಗ್ಯಾಲಕ್ಸಿಗಳಿಂದ ಕಲಿತ ನೆಟ್‌ವರ್ಕ್, ಸಿಂಬಾ ಎಂಬ ಇನ್ನೊಂದು ಮಾದರಿಯ ಗ್ಯಾಲಕ್ಸಿಗಳ ಮುಂದೆ ಸೋಲುತ್ತದೆ. ಎರಡೂ ಮಾದರಿಗಳನ್ನು ಬರೆದವರು ತಜ್ಞರು. ಎರಡರಲ್ಲೂ ಗುರುತ್ವ ಒಂದೇ. ನಕ್ಷತ್ರ ಹುಟ್ಟುವುದು, ಕಪ್ಪುಕುಳಿ ಅನಿಲವನ್ನು ಹೊರಗೆಸೆಯುವುದು ಮುಂತಾದ ಚಿಕ್ಕ ಪ್ರಮಾಣದ ಕ್ರಿಯೆಗಳನ್ನು ನಿಭಾಯಿಸುವ ರೀತಿ ಮಾತ್ರ ಬೇರೆ. ಅಷ್ಟರಿಂದಲೇ ಒಂದರ ಪಾಠ ಇನ್ನೊಂದಕ್ಕೆ ಒಗ್ಗದಿದ್ದರೆ, ಎರಡೂ ಅಲ್ಲದ ನಿಜವಾದ ವಿಶ್ವಕ್ಕೆ ಒಗ್ಗುತ್ತದೆಂದು ಯಾವ ಧೈರ್ಯದಲ್ಲಿ ಹೇಳುವುದು? ಸಿಮ್ಯುಲೇಶನ್ ಬೇಡವೆಂಬುದು ನನ್ನ ಮಾತಲ್ಲ, ಅದಿಲ್ಲದೆ ಈ ಕ್ಷೇತ್ರ ಒಂದು ಹೆಜ್ಜೆಯೂ ಇಡಲಾರದು. ಅಂತರವನ್ನು ಅದು ಇಲ್ಲವಾಗಿಸುವುದಿಲ್ಲ, ಜಾಗ ಬದಲಿಸುತ್ತದೆ. ಮೊದಲು ಪ್ರಕಾಶ ಮತ್ತು ಮಂಕಿನ ನಡುವೆ ಇದ್ದದ್ದು ಈಗ ಬರೆದ ಭೌತಶಾಸ್ತ್ರ ಮತ್ತು ಇರುವ ಭೌತಶಾಸ್ತ್ರದ ನಡುವೆ ಬಂದು ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಕ್ಯಾಮೆಲ್ಸ್‌ನ ದೊಡ್ಡ ಕೊಡುಗೆಯೇ ಇದು: ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಆ ಅಂತರವನ್ನು ಅಳೆಯಲು ಬರುವಂತೆ ಮಾಡಿದ್ದು.

ಅಂತರವನ್ನು ಮೊದಲು ನೋಡಬೇಕೆಂಬುದು ಕೈಕಟ್ಟಿ ಕೂರಿಸುವ ಮಾತು, ಅದರಿಂದ ಕೆಲಸ ಸಾಗದು ಎಂದು ಹೇಳುವವರಿದ್ದಾರೆ. ಅವರಿಗೆ 2018ರ ಪ್ಲಾಸ್ಟಿಕ್ ಎಂಬ ಹೆಸರಿನ ಸ್ಪರ್ಧೆಯನ್ನು ತೋರಿಸಬೇಕೆನಿಸುತ್ತದೆ. ರೂಬಿನ್ ವೀಕ್ಷಣಾಲಯದಲ್ಲಿ ಕಾಣಬಹುದಾದ ಸೂಪರ್‌ನೋವಾ ಮುಂತಾದವುಗಳ ಬೆಳಕಿನ ಏರಿಳಿತವನ್ನು ಮೊದಲೇ ಸಿಮ್ಯುಲೇಟ್ ಮಾಡಿ, ಯಾವುದು ಯಾವ ಬಗೆ ಎಂದು ಗುರುತಿಸಲು ಕ್ಯಾಗಲ್ ಎಂಬ ಸ್ಪರ್ಧಾ ತಾಣದಲ್ಲಿ ಕರೆ ಕೊಟ್ಟಿದ್ದರು. ಉತ್ತರ ಕೊಟ್ಟಿದ್ದ ವಸ್ತುಗಳು 7848, ಉತ್ತರ ಹೇಳಬೇಕಿದ್ದವು ಸುಮಾರು 35 ಲಕ್ಷ. ನಿಜಜೀವನದಲ್ಲಿ ಆಗುವಂತೆಯೇ ಮೊದಲ ಗುಂಪು ಹತ್ತಿರದ, ಪ್ರಕಾಶವಾದವುಗಳದ್ದು. ಗೆದ್ದ ಕೈಲ್ ಬೂನ್ ಬಳಸಿದ ವರ್ಗೀಕರಣದ ಯಂತ್ರ ಡಿಸಿಶನ್ ಟ್ರೀಗಳದು. ಸ್ಪರ್ಧೆಯಲ್ಲಿ ಹಲವರ ಕೈಯಲ್ಲಿದ್ದ ಸಾಮಾನ್ಯ ಸಲಕರಣೆ. ಅವರ ಜಾಣ್ಮೆ ಅದಕ್ಕಿಂತ ಮೊದಲಿನ ಹೆಜ್ಜೆಯಲ್ಲಿತ್ತು. ಹತ್ತಿರದ ಸೂಪರ್‌ನೋವಾವನ್ನು ತೆಗೆದುಕೊಂಡು, ಅದು ಬಹಳ ದೂರದಲ್ಲಿದ್ದಿದ್ದರೆ ಹೇಗೆ ಕಾಣುತ್ತಿತ್ತೆಂದು ಲೆಕ್ಕ ಹಾಕಿ, ಕೆಂಪಿಗೆ ಸರಿಸಿ, ಮಂಕು ಮಾಡಿ, ಅಳತೆಯ ಗದ್ದಲ ಸೇರಿಸಿ, ಕೆಲವು ರಾತ್ರಿಗಳ ವೀಕ್ಷಣೆಯನ್ನು ಅಳಿಸಿ, ಒಂದರಿಂದ ಹಲವು ಉದಾಹರಣೆಗಳನ್ನು ಮಾಡಿದರು. ಪಾಠದ ಗುಂಪನ್ನು ಪರೀಕ್ಷೆಯ ಗುಂಪಿನಂತೆ ಕಾಣುವ ಹಾಗೆ ಬದಲಿಸಿದರು. ಅದಕ್ಕೆ ಬೇಕಾದದ್ದು ಕೆಂಪು ಪಲ್ಲಟ ಬೆಳಕಿಗೆ ಏನು ಮಾಡುತ್ತದೆ ಎಂಬ ಭೌತಜ್ಞಾನ. ಸಾವಿರಕ್ಕೂ ಹೆಚ್ಚು ತಂಡಗಳಿದ್ದ ಪಂದ್ಯದಲ್ಲಿ ಅಂತರವನ್ನು ನೇರವಾಗಿ ನೋಡಿದವರು ಮುಂದೆ ಬಂದರು.

ಅಳತೆ ಎಲ್ಲಿ, ಹೇಗೆ ಹುಟ್ಟಿತು ಎಂಬುದೆಲ್ಲ ಉಪಕರಣ ನಡೆಸುವವರ ಚಿಂತೆ, ಕಂಪ್ಯೂಟರ್ ಮುಂದೆ ಕೂತವರಿಗೆ ದತ್ತಾಂಶ ಕೊಟ್ಟರೆ ಸಾಕು ಎಂಬ ಭಾವನೆಯೂ ಹೊಸಬರಲ್ಲಿ ಸಹಜವಾಗಿ ಬೆಳೆಯುತ್ತದೆ. ಮೆಷಿನ್ ಲರ್ನಿಂಗ್‌ನಿಂದ ಸ್ವಲ್ಪ ಆಚೆಗಿನ, ಕರ್ನಾಟಕದ ನೆಲದಲ್ಲೇ ನಡೆದ ಒಂದು ಪ್ರಯೋಗ ನನಗೆ ಇಲ್ಲಿ ನೆನಪಾಗುತ್ತದೆ. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ರೇಡಿಯೊ ಸಂಕೇತ ತಮಗೆ ಸಿಕ್ಕಿದೆ ಎಂದು 2018ರಲ್ಲಿ ಎಡ್ಜಸ್ ತಂಡ ಪ್ರಕಟಿಸಿತು; ಅವರ ಆಂಟೆನಾ ಪಶ್ಚಿಮ ಆಸ್ಟ್ರೇಲಿಯಾದ ನೆಲದ ಮೇಲಿತ್ತು. ಸಂಕೇತ ಸಿದ್ಧಾಂತ ಹೇಳಿದ್ದಕ್ಕಿಂತ ಬಹಳ ಆಳವಾಗಿದ್ದುದರಿಂದ ಹೊಸ ಭೌತಶಾಸ್ತ್ರವೇ ಬೇಕೇನೋ ಎಂಬ ಚರ್ಚೆ ಎದ್ದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಎಂಬ ತಮ್ಮ ಆಂಟೆನಾವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟು ಅಳೆದರು. ನೆಲದ ಪದರಗಳು ಅಲೆಗಳನ್ನು ಹೇಗೆ ಪ್ರತಿಫಲಿಸುತ್ತವೆ ಎಂದು ಹೇಳುವುದು ಕಷ್ಟ, ಆಂಟೆನಾದ ಕೆಳಗೆ ಏಕರೂಪದ ನೀರಿದ್ದರೆ ಆ ಗೊಂದಲ ಕಡಿಮೆ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶ, ಎಡ್ಜಸ್ ಕಂಡ ಆಕಾರದ ಸಂಕೇತ ಆಕಾಶದ್ದಾಗಿರುವುದನ್ನು ಶೇಕಡಾ 95.3ರ ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು. ಅಳತೆ ಹುಟ್ಟಿದ ಜಾಗದ ಬಗ್ಗೆ ಇಷ್ಟು ಗಂಭೀರವಾಗಿ ಯೋಚಿಸುವ ವಿಜ್ಞಾನದೊಳಕ್ಕೆ ಬಂದು, ದತ್ತಾಂಶದ ಕಡತವನ್ನು ತೆರೆದ ಕ್ಷಣದಿಂದ ಮಾತ್ರ ನಮ್ಮ ಹೊಣೆ ಶುರು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಉಳಿದದ್ದು ಕಲಿಯುವವರ ಪರವಾದ ಆಕ್ಷೇಪ. ಮೊದಲೇ ಇಷ್ಟೆಲ್ಲ ಹೇಳಿದರೆ ಹೊಸಬರು ಹೆದರಿ ಹಿಂದೆ ಸರಿಯುವುದಿಲ್ಲವೇ, ಸಾಮಾನ್ಯ ಸಾಪೇಕ್ಷತೆಯಿಂದ ಸಂಖ್ಯಾಶಾಸ್ತ್ರದವರೆಗೆ ಎಲ್ಲ ಓದಿ ಮುಗಿಸುವ ತನಕ ಅವರು ಕಾಯಬೇಕೇ? ಕಾಯಬೇಕಿಲ್ಲ. ನಾನು ಕೇಳುತ್ತಿರುವುದು ಹೆಚ್ಚು ಓದನ್ನಲ್ಲ, ಪ್ರಶ್ನೆಗಳ ಕ್ರಮವನ್ನು. ಯಂತ್ರವನ್ನು ತರಬೇತಿಗೊಳಿಸುವ ಮೊದಲು ಪಾಠದ ಗ್ಯಾಲಕ್ಸಿಗಳ ಕಾಂತಿಮಾನವನ್ನೂ ಬಣ್ಣವನ್ನೂ ಒಂದು ಗ್ರಾಫಿನಲ್ಲಿ ಹಾಕಿ, ಅದರ ಮೇಲೆ ಉತ್ತರ ಬೇಕಾದ ಗ್ಯಾಲಕ್ಸಿಗಳನ್ನು ಹಾಕಲು ಪದವಿಯ ಎರಡನೇ ವರ್ಷದ ಗಣಿತ ಸಾಕು. ಹಳೆಯ ವಿಧಾನವೇ ಒಳ್ಳೆಯದು ಎಂಬ ತೀರ್ಮಾನಕ್ಕೂ ಇದು ಒಯ್ಯುವುದಿಲ್ಲ. ಗೊತ್ತಿರುವ ಮಾದರಿ ರೋಹಿತಗಳನ್ನು ಬಣ್ಣಗಳಿಗೆ ಹೊಂದಿಸಿ ದೂರ ಹೇಳುವ ಸಾಂಪ್ರದಾಯಿಕ ವಿಧಾನವೂ ಆ ಮಾದರಿಗಳು ಎಲ್ಲಿಂದ ಬಂದವು ಎಂಬುದಕ್ಕೆ ಉತ್ತರಿಸಲೇಬೇಕು. ಅವೂ ಬಹುತೇಕ ಹತ್ತಿರದ ಗ್ಯಾಲಕ್ಸಿಗಳಿಂದಲೇ ಬಂದವು.

ಮೆಷಿನ್ ಲರ್ನಿಂಗ್ ಬಗ್ಗೆ ನನಗಿರುವ ಭರವಸೆಗೆ ಕಾರಣವಾದ ಕೆಲಸವೂ ಈ ಅಂತರದ ಮೇಲೆಯೇ ನಡೆದದ್ದು. 2015ರಲ್ಲಿ ಡೇನಿಯಲ್ ಮಾಸ್ಟರ್ಸ್ ಮತ್ತು ಸಂಗಡಿಗರು, ಟ್ಯೂವೊ ಕೊಹೊನೆನ್ ರೂಪಿಸಿದ ಸ್ವಯಂ-ಸಂಘಟಿತ ನಕ್ಷೆ ಎಂಬ ವಿಧಾನವನ್ನು ತೆಗೆದುಕೊಂಡು, ಯೂಕ್ಲಿಡ್ ನೋಡಬೇಕಾದಂತಹ ಗ್ಯಾಲಕ್ಸಿಗಳ ಬಣ್ಣಗಳನ್ನು 11,250 ಮನೆಗಳ ಒಂದು ಚೌಕುಳಿ ನಕ್ಷೆಯ ಮೇಲೆ ಹರಡಿದರು. ಬಣ್ಣ ಒಂದೇ ತೆರನಾಗಿರುವ ಗ್ಯಾಲಕ್ಸಿಗಳು ಅಕ್ಕಪಕ್ಕದ ಮನೆಗಳಲ್ಲಿ ಕೂರುತ್ತವೆ. ಈ ವಿಧಾನಕ್ಕೆ ಉತ್ತರಗಳ ಅಗತ್ಯವೇ ಇಲ್ಲ. ನಕ್ಷೆ ಸಿದ್ಧವಾದ ಮೇಲೆ ಯಾವ ಮನೆಗಳಲ್ಲಿ ರೋಹಿತ ಸಿಕ್ಕ ಗ್ಯಾಲಕ್ಸಿ ಇದೆ ಎಂದು ಗುರುತು ಹಾಕಿದರೆ, ಸುಮಾರು ಅರ್ಧದಷ್ಟು ಮನೆಗಳು ಖಾಲಿ ಉಳಿದವು. ಅಲ್ಲಿಂದ ಹುಟ್ಟಿದ ಸಿ3ಆರ್2 ಯೋಜನೆ ಹವಾಯಿಯ ಮೌನಾ ಕೇಯಾದ ಕೆಕ್ ದೂರದರ್ಶಕವನ್ನು ಆ ಖಾಲಿ ಮನೆಗಳ ಗ್ಯಾಲಕ್ಸಿಗಳ ಕಡೆಗೇ ತಿರುಗಿಸಿತು. ತನಗೆ ಏನು ಗೊತ್ತಿಲ್ಲ ಎಂಬುದನ್ನು ಯಂತ್ರದಿಂದಲೇ ಹೇಳಿಸಿ, ಮುಂದಿನ ರಾತ್ರಿ ಎಲ್ಲಿ ನೋಡಬೇಕೆಂದು ಅದರಿಂದ ನಿರ್ಧರಿಸುವುದು ಈ ವಿದ್ಯೆಯ ಅತ್ಯುತ್ತಮ ಬಳಕೆ ಎಂದು ನಾನು ತಿಳಿಯುತ್ತೇನೆ.

ಆರಂಭಿಸುವವರು ಇದರ ಚಿಕ್ಕ ರೂಪವನ್ನು ಸ್ಲೋನ್ ಸರ್ವೆಯ ಮುಕ್ತ ದತ್ತಾಂಶದಲ್ಲೇ ಮಾಡಿ ನೋಡಬಹುದು. ರೋಹಿತ ಇರುವ ಗ್ಯಾಲಕ್ಸಿಗಳನ್ನು ಯಾದೃಚ್ಛಿಕವಾಗಿ ಭಾಗ ಮಾಡುವ ಬದಲು ಕಾಂತಿಮಾನದ ಪ್ರಕಾರ ಭಾಗ ಮಾಡಿ, ಪ್ರಕಾಶವಾದ ಅರ್ಧದಿಂದ ಕಲಿಸಿ, ಮಂಕಾದ ಅರ್ಧವನ್ನು ಊಹಿಸಲು ಹೇಳಬೇಕು. ಮಂಕಾದವುಗಳ ಉತ್ತರ ನಮ್ಮ ಕೈಯಲ್ಲೇ ಇರುವುದರಿಂದ ಅಂತರದ ಬೆಲೆ ಎಷ್ಟೆಂದು ನೇರವಾಗಿ ಅಳೆಯಬಹುದು. ತಪ್ಪಿನ ಹರವು ಎಷ್ಟು ಹೆಚ್ಚಿತು ಎಂಬುದರ ಜೊತೆಗೆ ಸರಾಸರಿ ಯಾವ ಕಡೆಗೆ ವಾಲಿತು ಎಂಬುದನ್ನೂ ಬರೆದಿಡಬೇಕು. ಆಮೇಲೆ ಆ ವಾಲುವಿಕೆಯಲ್ಲಿ, ಮಂಕು ಗ್ಯಾಲಕ್ಸಿಗಳ ಯು ಫಿಲ್ಟರ್ ಅಳತೆಯ ಗದ್ದಲದ ಪಾಲು ಎಷ್ಟು, ಕೆಂಪು ಮತ್ತು ನೀಲಿ ಗ್ಯಾಲಕ್ಸಿಗಳ ಅನುಪಾತ ಬದಲಾದದ್ದರ ಪಾಲು ಎಷ್ಟು, ಯಂತ್ರ ಎಂದೂ ನೋಡದಷ್ಟು ದೂರದ ಗ್ಯಾಲಕ್ಸಿಗಳ ಪಾಲು ಎಷ್ಟು ಎಂದು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು.